ಒಂದು ಖಾತರಿ ಪತ್ರದ ವಿಮರ್ಶೆ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಪದ್ಯವಾಗಲಿ ಗದ್ಯವಾಗಲಿ, ಎದುರಿಗೆ ಬಂದದ್ದರಲ್ಲಿ ಕರ್ತೃ ಯಾರು, ಕರ್ಮ ಯಾವುದು, ಕ್ರಿಯಾಪದ ಎಲ್ಲಿದೆ ಎಂದು ಹುಡುಕುವುದೇ ನನಗೆ ಅನ್ನ ಕೊಟ್ಟ ಕೆಲಸ. ನಿವೃತ್ತಿಯ ನಂತರ ಒಂದೆರಡು ಕವನ ಸಂಕಲನಗಳಿಗೆ ಮುನ್ನುಡಿ ಬರೆದೆ. ನಾಲ್ಕಾರು ಕಾದಂಬರಿಗಳ ಮೇಲೆ ವಿಮರ್ಶೆಯನ್ನೂ ಬರೆದೆ. ಆದರೆ ನನ್ನ ಓದಿನಲ್ಲಿದ್ದ ಐಬನ್ನು ನನಗೇ ತೋರಿಸಿಕೊಟ್ಟ ಕೃತಿ ಇವು ಯಾವುವೂ ಅಲ್ಲ. ಅದು ಅಂಗೈಯಗಲದ, ನಾಲ್ಕು ಮಡಿಕೆಯ ಒಂದು ಕಾಗದ. ನಮ್ಮ ಮನೆಯ ಎಲೆಕ್ಟ್ರಾನಿಕ್ ಕೀಬೋರ್ಡಿನ ವಾರಂಟಿ ಕಾರ್ಡು. ಅದನ್ನು ಈಗ ಹತ್ತು ಸಲವಾದರೂ ಓದಿದ್ದೇನೆ. ಮೊದಲ ಸಲವೇ ಸರಿಯಾಗಿ ಓದಿದ್ದರೆ ಒಬ್ಬ ಹುಡುಗ ಪೆಟ್ಟು ತಿನ್ನುವುದು ತಪ್ಪುತ್ತಿತ್ತು. ಆದ್ದರಿಂದ ಈ ವಿಮರ್ಶೆ ತಡವಾಗಿ ಬರೆದದ್ದು. ಅಷ್ಟು ಮಾತ್ರವಲ್ಲ, ತಪ್ಪೊಪ್ಪಿಗೆಯೂ ಹೌದು.

ನನ್ನ ಹೆಂಡತಿ ಸಾಗರದ ನಮ್ಮ ಮನೆಯ ಜಗಲಿಯಲ್ಲಿ ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಾಳೆ. ಅವಳ ತಂದೆಯ ಕಾಲದ ಹಾರ್ಮೋನಿಯಂ ಪೆಟ್ಟಿಗೆಯೊಂದು ಮನೆಯಲ್ಲಿದೆ. ಕೊರೋನಾದ ಎರಡು ವರ್ಷ ಪಾಠ ನಿಂತಿತ್ತು. 2021ರ ವಿಜಯದಶಮಿಗೆ ಮತ್ತೆ ಶುರುಮಾಡುವಾಗ, ‘ಈಗಿನ ಮಕ್ಕಳಿಗೆ ಕೀಬೋರ್ಡು ಬೇಕಂತೆ ರೀ’ ಎಂದಳು. ಶಿವಮೊಗ್ಗದ ಅಂಗಡಿಯಲ್ಲಿ ಹದಿನಾರೂವರೆ ಸಾವಿರ ಕೊಟ್ಟು 61 ಮನೆಗಳ ಕೀಬೋರ್ಡು ತಂದೆವು. (ಸಂಗೀತದವರು ಕೀ ಎನ್ನುವುದಿಲ್ಲ, ಮನೆ ಎನ್ನುತ್ತಾರೆ, ಬಿಳಿ ಮನೆ, ಕಪ್ಪು ಮನೆ. ನಾನೂ ಹಾಗೆಯೇ ಬರೆಯುತ್ತೇನೆ.) ಯಾವ ಕಂಪೆನಿಯದು ಎಂದು ಹೇಳುವುದಿಲ್ಲ. ಆಮೇಲೆ ನಾನು ಮಿಕ್ಸಿಯದು, ಫ್ಯಾನಿನದು, ಟೀವಿಯದು ಎಂದು ಮನೆಯಲ್ಲಿದ್ದ ಕಾರ್ಡುಗಳನ್ನೆಲ್ಲ ತೆಗೆದು ಓದಿದೆ. ಎಲ್ಲದರ ದನಿಯೂ ಒಂದೇ. ಒಬ್ಬನ ಹೆಸರು ಹೇಳಿದರೆ ಉಳಿದವರು ಸುಭಗರೆಂದು ಅರ್ಥವಾದೀತು.

ಪಾಠಕ್ಕೆ ಬರುವವರಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗನಿದ್ದ. ತಾಯಿ ಅಡಿಕೆ ಸುಲಿಯಲು ಹೋಗುವವಳು. ತಂದೆ ಲಾರಿಯ ಮೇಲೆ. ಮನೆಯಲ್ಲಿ ವಾದ್ಯವಿಲ್ಲದ್ದರಿಂದ ಸ್ಕೂಲು ಬಿಟ್ಟವನೇ ನೆಟ್ಟಗೆ ನಮ್ಮಲ್ಲಿಗೆ ಬಂದು, ಉಳಿದವರು ಬರುವ ಮೊದಲು ಅರ್ಧ ತಾಸು ಒಬ್ಬನೇ ಕೂತು ಸಾಧನೆ ಮಾಡುತ್ತಿದ್ದ. ಬೆನ್ನಿಗೆ ಚೀಲ, ಕೈಯಲ್ಲಿ ಸ್ಟೀಲಿನ ನೀರಿನ ಬಾಟಲಿ. ಕೀಬೋರ್ಡಿನ ಪಕ್ಕದಲ್ಲೇ ಬಾಟಲಿ ಇಟ್ಟುಕೊಂಡು ನಡುನಡುವೆ ಒಂದು ಗುಟುಕು ಕುಡಿಯುವುದು ಅವನ ಅಭ್ಯಾಸ. ಅವನ ಕೈ ಒಳ್ಳೆಯದು ಎಂದು ಹೆಂಡತಿ ಹೇಳುತ್ತಿದ್ದಳು. ಅವಳು ಹಾಗೆ ಸುಲಭಕ್ಕೆ ಹೇಳುವವಳಲ್ಲ.

2022ರ ಜುಲೈ. ಮಳೆ ಹಿಡಿದು ಕೂತಿತ್ತು. ಒಂದು ಸಂಜೆ ಹುಡುಗ ಸರಳೆ ವರಸೆ ನುಡಿಸುತ್ತಿದ್ದವನು ನಿಲ್ಲಿಸಿ, ‘ಟೀಚರ್, ಗಾಂಧಾರ ಬರ್ತಿಲ್ಲ’ ಎಂದ. ಸರಿಯಾಗಿ ಒತ್ತು ಎಂದಳು. ಒತ್ತಿದರೂ ಬರಲಿಲ್ಲ. ಮೇಲಿನ ಷಡ್ಜವೂ ಬರಲಿಲ್ಲ. ಆಮೇಲೆ ಅವಳೇ ಕೂತು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಒತ್ತಿ ನೋಡಿದಾಗ ಎಂಟು ಮನೆಗಳು ಮೂಕವಾಗಿದ್ದವು. ಮರುದಿನ ಬೆಳಿಗ್ಗೆ ಎಂಟೂ ಮಾತಾಡಿದವು. ಸಂಜೆಗೆ ಮತ್ತೆ ಮೂಕ. ನಾಲ್ಕು ದಿನ ಹೀಗೆ ಕಣ್ಣುಮುಚ್ಚಾಲೆ ಆಡಿ, ಐದನೆಯ ದಿನ ಪೂರ್ತಿ ನಿಂತವು. ಅವಳು ಪಾಠದ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಎಡದಿಂದ ಬಲಕ್ಕೆ ಅವುಗಳ ಹೆಸರು ಬರೆದಿಟ್ಟಳು: ಗ, ಸ, ಧ, ಗ, ಸ, ಧ, ಗ, ಸ. ಬಿಳಿ ಒಂದನ್ನು ಷಡ್ಜ ಮಾಡಿಕೊಂಡು ಮಾಯಾಮಾಳವಗೌಳ ನುಡಿಸುವ ಮಕ್ಕಳಿಗೆ ಇವು ಮೂರೂ ಬೇಕಾದ ಸ್ವರಗಳೇ. ಈ ಹಾಳೆಯನ್ನು ಓದುಗರು ನೆನಪಿನಲ್ಲಿಡಬೇಕು. ನಾನು ಇಟ್ಟಿರಲಿಲ್ಲ.

ವಾರಂಟಿ ಒಂದು ವರ್ಷದ್ದು; ಇನ್ನೂ ಮೂರು ತಿಂಗಳು ಬಾಕಿ. ಹಳೆಯ ಸೀರೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಹೊದಿಸಿ, ಬಸ್ಸಿನಲ್ಲಿ 70 ಕಿಲೋಮೀಟರು ಹೊತ್ತು ಶಿವಮೊಗ್ಗಕ್ಕೆ ಕೊಟ್ಟು ಬಂದೆ. ಅಂಗಡಿಯವರು ಅದನ್ನು ಬೆಂಗಳೂರಿನ ಅಧಿಕೃತ ಸರ್ವಿಸ್ ಸೆಂಟರಿಗೆ ಕಳಿಸಿದರು. ಇಪ್ಪತ್ತಾರು ದಿನದ ಮೇಲೆ ಫೋನು ಬಂತು. ಹೋದೆ. ಕೀಬೋರ್ಡು ಹೋದ ಹಾಗೆಯೇ ಬಂದಿತ್ತು. ಜೊತೆಗೆ ಒಂದು ಚೀಟಿ. ಅದರಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು: ‘ಲಿಕ್ವಿಡ್ ಡ್ಯಾಮೇಜ್. ನಾಟ್ ಕವರ್ಡ್ ಅಂಡರ್ ವಾರಂಟಿ.’ ಒಳಗಿನ ಎರಡು ಬೋರ್ಡುಗಳನ್ನು ಬದಲಾಯಿಸುವುದಾದರೆ ಒಂಬತ್ತು ಸಾವಿರದ ನಾನೂರು ರೂಪಾಯಿ. ಅಷ್ಟು ಕೊಡಲಾರದೆ ವಾಪಸು ಹೊತ್ತು ತಂದೆ.

ಇಲ್ಲಿಂದ ನನ್ನ ತಪ್ಪು ಶುರುವಾಗುತ್ತದೆ. ಮನೆಗೆ ಬಂದಾಗ ಹೆಂಡತಿ, ‘ಏನಂತೆ?’ ಎಂದಳು. ನಾನು ಹೇಳಿದೆ: ‘ನೀರು ಚೆಲ್ಲಿದ್ದಾರಂತೆ.’

ಮಕ್ಕಳಿಗೆ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದು ವರ್ಷವರ್ಷ ಉದಾಹರಣೆ ಬರೆಸಿದ ನಾನು ಆ ಕ್ಷಣದಲ್ಲಿ ಏನು ಮಾಡಿದೆ ಎಂಬುದು ನನಗೇ ತಿಳಿಯಲಿಲ್ಲ. ಚೀಟಿಯಲ್ಲಿ ಇದ್ದದ್ದು ಎರಡು ನಾಮಪದಗಳು. ಕ್ರಿಯಾಪದವಿಲ್ಲ, ಕ್ರಿಯಾಪದವಿಲ್ಲದ್ದರಿಂದ ಮಾಡಿದವರೂ ಇಲ್ಲ. ‘ದ್ರವದ ಹಾನಿ’ ಎಂದು ಪುಸ್ತಕದ ಕನ್ನಡದಲ್ಲಿ ಹೇಳಬಹುದಿತ್ತು. ಆದರೆ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ನಮ್ಮ ಆಡುಮಾತಿಗೆ ಕರ್ಮಣಿ ಪ್ರಯೋಗ ಒಗ್ಗುವುದಿಲ್ಲ. ಅದಕ್ಕೆ ಮಾಡಿದವನೊಬ್ಬ ಬೇಕು. ಇಂಗ್ಲಿಷಿನ ಚೀಟಿ ಖಾಲಿ ಬಿಟ್ಟ ಜಾಗವನ್ನು ನನ್ನ ಕನ್ನಡ ತಾನಾಗಿ ತುಂಬಿತು. ‘ಚೆಲ್ಲಿದ್ದಾರೆ’ ಎಂದ ಮೇಲೆ ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅವಳು ಕೇಳಿದಳು: ‘ಯಾರು?’ ಇಬ್ಬರಿಗೂ ಕಣ್ಣೆದುರು ಬಂದದ್ದು ಸ್ಟೀಲಿನ ಬಾಟಲಿ.

ಗದರಿಸಲಿಲ್ಲ. ಗದರಿಸಿದ್ದರೇ ವಾಸಿಯಾಗಿತ್ತೇನೋ. ಅವನನ್ನು ಕೂರಿಸಿಕೊಂಡು ಮೆತ್ತಗೆ ಕೇಳಿದೆವು: ‘ಯಾವತ್ತಾದರೂ ಬಾಟಲಿಯಿಂದ ನಾಲ್ಕು ಹನಿ ಬಿದ್ದಿತ್ತೇನೋ? ನೆನಪು ಮಾಡ್ಕೋ.’ ಹುಡುಗ ನನ್ನ ಮುಖ ನೋಡಿದ, ಅವಳ ಮುಖ ನೋಡಿದ, ಬಹಳ ಹೊತ್ತಿನ ಮೇಲೆ ‘ಇರಬಹುದು ಟೀಚರ್’ ಎಂದ. ನಾವು ಅದನ್ನು ಒಪ್ಪಿಗೆ ಎಂದುಕೊಂಡೆವು. ದೊಡ್ಡವರಿಬ್ಬರು ಎದುರಿಗೆ ಕೂತು ಮೆತ್ತಗೆ ಕೇಳಿದರೆ ಹನ್ನೆರಡು ವರ್ಷದ ಹುಡುಗ ಬೇರೆ ಏನು ಹೇಳಿಯಾನು? ಮರುದಿನದಿಂದ ಅವನು ಬರಲಿಲ್ಲ.

ಈಗ ಕಾರ್ಡಿಗೆ ಬರುತ್ತೇನೆ. ಅದರಲ್ಲಿ ಭರವಸೆ ಒಂದೇ ವಾಕ್ಯ: ಸಾಮಗ್ರಿಯ ದೋಷದಿಂದಾಗಲಿ, ಕೆಲಸಗಾರಿಕೆಯ ದೋಷದಿಂದಾಗಲಿ ಕೆಟ್ಟರೆ ವರ್ಷದೊಳಗೆ ಪುಕ್ಕಟೆ ಸರಿಮಾಡಿಕೊಡಲಾಗುವುದು. ಆಮೇಲೆ ಬರುವುದೆಲ್ಲ ವಿನಾಯಿತಿಗಳು, ಎಣಿಸಿದರೆ ಹನ್ನೊಂದು. ನೀರು, ತೇವ, ಧೂಳು, ಹುಳಹುಪ್ಪಟೆ, ಸಿಡಿಲು, ಕರೆಂಟಿನ ಏರಿಳಿತ, ಸಾಗಾಟದ ಪೆಟ್ಟು, ಬೇರೆಯವರು ಬಿಚ್ಚಿದ್ದು, ಹೀಗೆ. ನಮ್ಮ ಹಳೆಯ ಕವಿಗಳು ಕಾವ್ಯದಲ್ಲಿ ಅಷ್ಟಾದಶ ವರ್ಣನೆಗಳಿರಬೇಕು ಎನ್ನುತ್ತಿದ್ದರು. ಈ ಹನ್ನೊಂದನ್ನು ಓದಿದಾಗ ನನಗೆ ಅದೊಂದು ಮಲೆನಾಡಿನ ವರ್ಣನೆಯಂತೆಯೇ ಕಂಡಿತು. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಉಪ್ಪು ನೀರಾಗುತ್ತದೆ, ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ, ಇರುವೆಗಳು ಗೋಡೆ ಹತ್ತುತ್ತವೆ, ಗಾಳಿಗೆ ಮರ ಬಿದ್ದು ಕರೆಂಟು ಹೋಗಿ, ಬರುವಾಗ ಉರಿದೆದ್ದು ಬರುತ್ತದೆ. ಅಂದರೆ ನಾವು ಈ ವಾದ್ಯವನ್ನು ಇಟ್ಟುಕೊಂಡಿರುವ ಜಾಗವೇ ಒಂದು ವಿನಾಯಿತಿ.

ಇನ್ನು ವ್ಯಾಕರಣ. ಈ ಹನ್ನೊಂದರಲ್ಲಿ ಗ್ರಾಹಕ ಬಂದಲ್ಲೆಲ್ಲ ಅವನು ಚುರುಕಿನ ಕರ್ತೃ: ಬೀಳಿಸುತ್ತಾನೆ, ಚೆಲ್ಲುತ್ತಾನೆ, ಬಿಚ್ಚುತ್ತಾನೆ, ತಿದ್ದುತ್ತಾನೆ. ಕಂಪೆನಿ ಮಾತ್ರ ಎಲ್ಲಿಯೂ ಏನನ್ನೂ ಮಾಡುವುದಿಲ್ಲ. ದೋಷ ‘ಕಂಡುಬಂದರೆ’, ಪರಿಶೀಲನೆ ‘ನಡೆದು’, ‘ತೀರ್ಮಾನಿಸಲಾಗುವುದು’. ಆ ತೀರ್ಮಾನ ‘ಅಂತಿಮವಾಗಿರುವುದು’. ಯಾರಿಗೆ ಕಂಡುಬಂದರೆ, ಯಾರು ನಡೆಸಿ, ಯಾರು ತೀರ್ಮಾನಿಸಿ ಎಂದು ಕೇಳಿದರೆ ಕಾರ್ಡಿನಲ್ಲಿ ಉತ್ತರವಿಲ್ಲ. ಕೃತಿಯ ತುಂಬ ತಪ್ಪು ಮಾಡುವ ಪಾತ್ರ ಒಂದೇ. ಉಳಿದದ್ದೆಲ್ಲ ವಿಧಿಯ ಹಾಗೆ ತಾನಾಗಿ ನಡೆಯುತ್ತದೆ. ಇಂಥ ಕಾದಂಬರಿಯನ್ನು ಯಾರಾದರೂ ನನ್ನ ಕೈಗೆ ಕೊಟ್ಟಿದ್ದರೆ, ಲೇಖಕರು ಒಂದು ಪಾತ್ರಕ್ಕೆ ಅನ್ಯಾಯ ಮಾಡಿದ್ದಾರೆ ಎಂದು ಮೊದಲ ಪುಟದಲ್ಲೇ ಬರೆದಿರುತ್ತಿದ್ದೆ. ಕಾರ್ಡೆಂದು ಬಿಟ್ಟೆ.

ಎರಡು ತಿಂಗಳು ಕೀಬೋರ್ಡು ಮೂಲೆಯಲ್ಲಿ ನಿಂತಿತ್ತು. ದಸರೆ ಹತ್ತಿರ ಬಂದಾಗ, ಹೇಗೂ ಹೋಯಿತಲ್ಲ ಎಂದು ನಮ್ಮೂರಿನ ರೇಡಿಯೋ ರಿಪೇರಿಯವರಲ್ಲಿಗೆ ಒಯ್ದೆ. ಈಗ ರೇಡಿಯೋ ಯಾರೂ ತರುವುದಿಲ್ಲ. ಮದುವೆ ಮನೆಯ, ಯಕ್ಷಗಾನದ ಆಟದ ಸೌಂಡ್ ಸಿಸ್ಟಂ ಅವರ ಜೀವನ. ಅವರು ಬೆನ್ನು ಮೇಲೆ ಮಾಡಿ ಮಲಗಿಸಿ ಒಂದೊಂದೇ ಸ್ಕ್ರೂ ಬಿಚ್ಚಿದರು. ಒಂದು ರಟ್ಟಿನ ಮೇಲೆ ಕೀಬೋರ್ಡಿನ ಚಿತ್ರ ಗೀಚಿಕೊಂಡು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲಿಯೇ ಚುಚ್ಚಿಟ್ಟರು. ಒಂದು ಸ್ಕ್ರೂವಿನ ಮೇಲೆ ಬಿಳಿಯ ಚೀಟಿ ಅಂಟಿಸಿತ್ತು. ಇದನ್ನು ಹರಿದರೆ ವಾರಂಟಿ ಇಲ್ಲ ಎಂಬ ಮುದ್ರೆ. ‘ಹರೀಲಾ ಮೇಷ್ಟ್ರೇ?’ ಎಂದರು. ಹರಿಯಿರಿ ಎಂದೆ.

ಒಳಗಿನದು ನಾನು ಎಣಿಸಿದ್ದಕ್ಕಿಂತ ಸರಳವಾಗಿತ್ತು. ಪ್ರತಿ ಮನೆಯ ಕೆಳಗೂ ಮೃದುವಾದ ರಬ್ಬರಿನ ಗುಬುಟು. ಅದರೊಳಗೆ ಎರಡು ಕರಿಯ ಇಂಗಾಲದ ಬೊಟ್ಟು. ಮನೆ ಒತ್ತಿದಾಗ ಬೊಟ್ಟುಗಳು ಒಂದರ ಹಿಂದೊಂದು ಕೆಳಗಿನ ಬೋರ್ಡಿಗೆ ತಾಗುತ್ತವೆ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಹೋದ ಕಾಲವನ್ನು ಯಂತ್ರ ಅಳೆಯುತ್ತದೆ. ಕಾಲ ಕಡಿಮೆಯಾದರೆ ಬೆರಳು ಜೋರಾಗಿ ಬಿತ್ತು ಎಂದು ಲೆಕ್ಕ, ನಾದ ಜೋರು, ಹೆಚ್ಚಾದರೆ ಮೆಲ್ಲಗೆ. ಈ ಬೊಟ್ಟುಗಳಿಗೆ ಧೂಳು ಕೂತರೆ ಮನೆ ಮೂಕವಾಗುವುದು, ಇಲ್ಲವೇ ಒಮ್ಮೆಲೇ ಅರಚುವುದು ಸಾಮಾನ್ಯವಂತೆ. ಸ್ಪಿರಿಟ್ಟಿನಲ್ಲಿ ಒರೆಸಿದರೆ ಎಷ್ಟೋ ಸಲ ಸರಿಹೋಗುತ್ತದಂತೆ. ಬೋರ್ಡಿನ ಒಂದು ಅಂಚಿನಲ್ಲಿ ತಾಮ್ರ ಹಸಿರು ಕಟ್ಟಿತ್ತು. ‘ನೋಡಿ, ಇದನ್ನೇ ನೀರು ಅಂದಿದ್ದಾರೆ’ ಎಂದೆ. ಅವರು ಉತ್ತರ ಕೊಡದೆ ಕೇಳಿದರು: ‘ಯಾವ್ಯಾವ ಮನೆ ಹೋಗಿದೆ?’

ಹೆಂಡತಿಯ ಹಾಳೆ ಜೇಬಿನಲ್ಲಿತ್ತು. ಗ ಸ ಧ, ಗ ಸ ಧ, ಗ ಸ. ಅವರಿಗೆ ಸ್ವರ ಗೊತ್ತಿಲ್ಲ, ಒತ್ತಿ ತೋರಿಸಿದೆ. ಅವರು ಎಡದಿಂದ ಎಣಿಸಿದರು: ಐದನೆಯದು, ಹದಿಮೂರು, ಇಪ್ಪತ್ತೊಂದು, ಇಪ್ಪತ್ತೊಂಬತ್ತು, ಮೂವತ್ತೇಳು, ನಲವತ್ತೈದು, ಐವತ್ಮೂರು, ಅರವತ್ತೊಂದು. ಕೈಯೊರೆಸಿಕೊಂಡು ನಕ್ಕರು. ‘ಚೆಲ್ಲಿದ ನೀರು ಎಂಟೆಂಟು ಎಣಿಸ್ಕೊಂಡು ಹೋಗುತ್ತಾ ಮೇಷ್ಟ್ರೇ?’

ವಿವರಿಸಿ ಹೇಳಿದರು. ಅರವತ್ತೊಂದು ಮನೆಗೆ ಅರವತ್ತೊಂದು ತಂತಿಯನ್ನು ಬೇರೆಬೇರೆಯಾಗಿ ಎಳೆಯುವುದಿಲ್ಲ. ಮಗ್ಗದ ಹಾಸುಹೊಕ್ಕಿನ ಹಾಗೆ ಎಂಟು ಎಳೆ ಅತ್ತ, ಎಂಟು ಎಳೆ ಇತ್ತ. ಎಂಟೆಂಟಲೆ ಅರವತ್ನಾಲ್ಕು ಕೂಡುಗಳು; ಅರವತ್ತೊಂದು ಮನೆಗೆ ಸಾಕು. ಯಂತ್ರ ಒಂದೊಂದೇ ಎಳೆಯನ್ನು ಬಲುಬೇಗ ತಟ್ಟುತ್ತ, ಯಾವ ಕೂಡಿನಲ್ಲಿ ಬೆರಳಿದೆ ಎಂದು ಕೇಳುತ್ತಲೇ ಇರುತ್ತದೆ. ಹೊಕ್ಕಿನ ಒಂದೇ ಒಂದು ಎಳೆ ಕಡಿದರೆ ಎಂಟಕ್ಕೊಂದರಂತೆ ಎಂಟು ಮನೆಗಳು ಹೋಗುತ್ತವೆ. ನೀರು ಚೆಲ್ಲಿದ್ದರೆ ಬಿದ್ದ ಜಾಗದಲ್ಲಿ ಅಕ್ಕಪಕ್ಕದ ಮನೆಗಳು ಹೋಗಬೇಕಿತ್ತು. ಅವರು ಭೂತಗನ್ನಡಿ ಹಿಡಿದು ಎರಡು ಬೋರ್ಡುಗಳನ್ನು ಜೋಡಿಸುವ ಪಟ್ಟಿಯ ಬುಡದಲ್ಲಿ ಹುಡುಕಿದರು. ಸಾಲಾಗಿ ಬೆಸುಗೆಯ ಚುಕ್ಕಿಗಳು. ಒಂದರ ಸುತ್ತ ಕೂದಲೆಳೆಯಷ್ಟು ಬಿರುಕು. ಚಳಿಗೆ ಬಿಸಿಗೆ ಅದು ಒಮ್ಮೆ ತಾಗಿ ಒಮ್ಮೆ ಬಿಡುತ್ತಿತ್ತು, ಕೊನೆಗೆ ಬಿಟ್ಟೇಬಿಟ್ಟಿತು. ಕಾರ್ಖಾನೆಯಲ್ಲಿ ಬೆಸುಗೆ ಸರಿಯಾಗಿ ಹಿಡಿದಿರಲಿಲ್ಲ, ಅಷ್ಟೇ. ಅಂಚಿನ ಹಸಿರು ನಮ್ಮ ಮಳೆಗಾಲದ್ದು. ಅದು ಅಲ್ಲಿತ್ತು ನಿಜ, ಆದರೆ ಅದರಿಂದ ಯಾವ ಮನೆಯೂ ಕೆಟ್ಟಿರಲಿಲ್ಲ. ಒಂದು ನಿಮಿಷ ಕಾಸಿದ ಕಡ್ಡಿ ಮುಟ್ಟಿಸಿದರು. ಎಂಟೂ ಮಾತಾಡಿದವು. ಮುನ್ನೂರೈವತ್ತು ರೂಪಾಯಿ ತೆಗೆದುಕೊಂಡರು.

ಗ ಸ ಧ, ಗ ಸ ಧ, ಗ ಸ. ಲಘು ಗುರು ಹಾಕಿ ಗಣ ವಿಂಗಡಿಸುವುದನ್ನು ಮೂವತ್ತೊಂದು ವರ್ಷ ಕಲಿಸಿದ ನನಗೆ, ಒಂದೇ ಕ್ರಮದಲ್ಲಿ ಸುತ್ತುವ ಮೂರು ಅಕ್ಷರಗಳು ಎರಡು ತಿಂಗಳು ಕಣ್ಣೆದುರಿಗಿದ್ದರೂ ಕಾಣಲಿಲ್ಲ. ಕಾಣದೆ ಹೋದದ್ದಕ್ಕೆ ಕಾರಣವಿದೆ. ಯಾರು ಚೆಲ್ಲಿದರು ಎಂಬುದಕ್ಕೆ ಉತ್ತರ ಸಿಕ್ಕ ಮೇಲೆ ಯಾಕೆ ಕೆಟ್ಟಿತು ಎಂದು ಕೇಳುವುದನ್ನೇ ಬಿಟ್ಟಿದ್ದೆ.

ಸಿಟ್ಟಿನಿಂದ ಸರ್ವಿಸ್ ಸೆಂಟರಿಗೆ ಫೋನು ಮಾಡಿದೆ. ಬಿರುಕಿನ ಮಾತು, ಎಂಟರ ಲೆಕ್ಕ ಎಲ್ಲ ಹೇಳಿದೆ. ಆ ಕಡೆಯ ಹುಡುಗಿ ಸಮಾಧಾನದಿಂದ ಕೇಳಿಸಿಕೊಂಡು, ‘ಸರ್, ಹೊರಗಡೆ ಓಪನ್ ಮಾಡಿಸಿದ್ದೀರಾ?’ ಎಂದಳು. ಹೌದು ಎಂದೆ. ಹಾಗಾದರೆ ಏನೂ ಮಾಡಲು ಬರುವುದಿಲ್ಲ ಎಂದಳು. ಅವಳ ತಪ್ಪಲ್ಲ, ಕಾರ್ಡಿನಲ್ಲಿ ಹಾಗೆಯೇ ಇದೆ. ದೋಷ ಅವರದೆಂದು ತೋರಿಸಲು ಮುದ್ರೆ ಹರಿಯಬೇಕು; ಹರಿದ ಮೇಲೆ ತೋರಿಸಿದ್ದು ಸಲ್ಲುವುದಿಲ್ಲ. ಹರಿಯುವ ಮೊದಲು ನನ್ನಲ್ಲಿ ತೋರಿಸಲು ಏನೂ ಇರಲಿಲ್ಲ.

ದಾರಿ ಇರಲೇ ಇಲ್ಲವೆಂದಲ್ಲ, ಇತ್ತು. ಅದು ನನಗೆ ತಿಳಿದದ್ದು ಆಮೇಲೆ. ಓದುಗರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಬರೆಯುತ್ತೇನೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗದಲ್ಲಿ 2019ರ ಹೊಸ ಕಾಯ್ದೆ ಬಂದು, 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಂತೆ ಕೊಂಡ ಊರಿಗೋ ಕಂಪೆನಿಯ ಊರಿಗೋ ಅಲೆಯಬೇಕಾಗಿಲ್ಲ. ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಮುಖ್ಯವಾದ ಮಾತು ಇದು: ವಸ್ತುವಿನ ದೋಷ ಪರೀಕ್ಷೆ ಮಾಡದೆ ತಿಳಿಯುವಂಥದಲ್ಲ ಎಂದು ಕಂಡರೆ, ಆಯೋಗವೇ ಅದಕ್ಕೆ ಮುದ್ರೆ ಹಾಕಿಸಿ ಪ್ರಯೋಗಾಲಯಕ್ಕೆ ಕಳಿಸಬಹುದು. ಅಂದರೆ ಕಾನೂನು ಈ ಗಂಟನ್ನು ಕಂಡಿದೆ, ಬಿಚ್ಚುವ ಬಗೆಯನ್ನೂ ಹೇಳಿದೆ. ನಾನೇ ಮೊದಲು ಬಿಚ್ಚಿಬಿಟ್ಟೆ. ಅಮೆರಿಕದಲ್ಲಿ 1975ರಷ್ಟು ಹಿಂದೆಯೇ ವಾರಂಟಿಗೊಂದು ಕಾಯ್ದೆ ಬಂತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ, ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಹೋಯಿತು ಎಂಬಂಥ ಷರತ್ತುಗಳಿಗಾಗಿ ಆರು ಕಂಪೆನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ನಮ್ಮಲ್ಲಿಯೂ ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗೆಂದು ಒಂದು ಪೋರ್ಟಲ್ ತೆರೆಯಿತು. ನನ್ನ ಕೀಬೋರ್ಡು ಸರಿಹೋದದ್ದು ಅದಕ್ಕೆ ಎರಡು ತಿಂಗಳ ಮೊದಲು.

ಕೀಬೋರ್ಡಿನ ಮಾತು ಬಂದಾಗ ನಮ್ಮ ಸಂಗೀತದ ಹಿರಿಯರು ಬೇರೆಯೇ ಒಂದು ವಿಮರ್ಶೆ ಮಾಡುತ್ತಾರೆ. ಅದರಲ್ಲಿ ಹನ್ನೆರಡು ಗಟ್ಟಿ ಸ್ವರಸ್ಥಾನಗಳಷ್ಟೆ, ಗಮಕವಿಲ್ಲ, ಜಾರುವಿಕೆಯಿಲ್ಲ, ಅದು ನಮ್ಮ ವಾದ್ಯವಲ್ಲ ಎಂದು. ಇದೇ ಮಾತನ್ನು ಹಾರ್ಮೋನಿಯಮ್ಮಿಗೂ ಆಡಿದ್ದರು. ಅದನ್ನು ಆಕಾಶವಾಣಿ 1940ರಲ್ಲಿ ಹೊರಗಿಟ್ಟು, 1971ರ ಹೊತ್ತಿಗೆ ಸ್ವಲ್ಪಸ್ವಲ್ಪವಾಗಿ ಒಳಗೆ ಬಿಟ್ಟುಕೊಂಡಿತು. ಆದರೆ ಆ ಮೂವತ್ತು ವರ್ಷ ಹಾರ್ಮೋನಿಯಂ ಕಾಯುತ್ತ ಕೂತಿರಲಿಲ್ಲ. ಕಂಪೆನಿ ನಾಟಕದಲ್ಲಿ, ಭಜನೆಯಲ್ಲಿ, ಹಳ್ಳಿಯ ಶಾಲೆಯಲ್ಲಿ ಅದು ಮನೆಮಾಡಿಕೊಂಡಿತ್ತು. ಬೆಳಗಾವಿಯ ರಾಂಭಾವು ವಿಜಾಪುರೆಯವರಂಥವರ ಕೈಯಲ್ಲಿ ದೊಡ್ಡ ವಾದ್ಯವೂ ಆಯಿತು. 1840ರ ದಶಕದ ಪ್ಯಾರಿಸ್ಸಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಕೈತಿದಿ ಕಟ್ಟಿಸಿಕೊಂಡು ನೆಲದ ಮೇಲೆ ಕೂತ ಈ ಪೆಟ್ಟಿಗೆ ನಮ್ಮದಾದದ್ದು ಹೇಗೆ? ಯಾರೋ ಒಪ್ಪಿಗೆ ಕೊಟ್ಟದ್ದರಿಂದಲ್ಲ. ಅದರ ಮುಚ್ಚಳ ಎತ್ತಬಹುದಾದ್ದರಿಂದ ಎಂದು ನನಗೆ ಈಗ ತೋರುತ್ತದೆ.

ನನ್ನ ಮಾವನವರ ಮನೆಗೆ ವರ್ಷಕ್ಕೊಮ್ಮೆ ಒಬ್ಬ ಮುದುಕ ಬರುತ್ತಿದ್ದನಂತೆ. ಮುಚ್ಚಳ ಎತ್ತಿ, ಹಿತ್ತಾಳೆಯ ರೀಡು ತೆಗೆದು ಒರೆಸಿ, ಶ್ರುತಿ ಇಳಿದಿದ್ದರೆ ನಾಲಗೆಯ ತುದಿಯನ್ನು ಕೊಂಚ ಕೆರೆದು, ಏರಿದ್ದರೆ ಬುಡವನ್ನು ಕೆರೆದು, ತಿದಿಯ ತೂತಿಗೆ ತೊಗಲು ಅಂಟಿಸಿ, ಊಟ ಮಾಡಿ, ದಕ್ಷಿಣೆ ತೆಗೆದುಕೊಂಡು ಹೋಗುತ್ತಿದ್ದ. ಮನೆಯ ಮಕ್ಕಳು ಸುತ್ತ ಕೂತು ನೋಡುತ್ತಿದ್ದರು. ಹಾಗೆ ನೋಡಿದ್ದರಿಂದಲೇ ನನ್ನ ಹೆಂಡತಿ ಈಗಲೂ ಅದರ ಒಂದು ರೀಡು ಗೊಗ್ಗರಾದರೆ ತಾನೇ ತೆಗೆದು ಒರೆಸುತ್ತಾಳೆ. ಒಳಗೇನಿದೆ ಎಂದು ಬಲ್ಲ ಮನೆಯಲ್ಲಿ ವಾದ್ಯ ಕೆಟ್ಟರೆ ಮೊದಲು ವಾದ್ಯವನ್ನು ನೋಡುತ್ತಾರೆ. ತೆರೆಯಬಾರದೆಂದು ಚೀಟಿ ಅಂಟಿಸಿದ್ದರೆ ಮನುಷ್ಯರ ಮುಖ ನೋಡುತ್ತಾರೆ. ಎಲೆಕ್ಟ್ರಾನಿಕ್ ಎಂಬುದೇ ಅಡ್ಡಿ ಎಂದು ನಾನು ಹೇಳುತ್ತಿಲ್ಲ. ನಮ್ಮೂರಿನವರು ಕೀಬೋರ್ಡನ್ನೂ ಬಿಚ್ಚಿದರು. ಬಿಚ್ಚಿದ ಮೇಲೆ ಅದೂ ಮಗ್ಗದಷ್ಟೇ ತಿಳಿಯಾಯಿತು.

ಕಂಪೆನಿಯ ಕಡೆಯಿಂದಲೂ ಒಂದು ಮಾತು ಹೇಳಬೇಕು. ಕೀಬೋರ್ಡಿನ ಮೇಲೆ ಚಹಾ ಚೆಲ್ಲಿ, ಚೆಲ್ಲಿಲ್ಲವೆಂದು ಆಣೆ ಮಾಡುವ ಗ್ರಾಹಕರೂ ಇದ್ದಾರೆ. ದಿನಕ್ಕೆ ಇಪ್ಪತ್ತು ಪೆಟ್ಟಿಗೆ ತೆರೆಯುವ ಮೆಕ್ಯಾನಿಕ್ಕು ಹಸಿರು ಕಂಡ ಕೂಡಲೆ ನೀರು ಎಂದು ಬರೆದು ಮುಂದಿನದಕ್ಕೆ ಕೈ ಹಾಕಿದರೆ ಅವನನ್ನು ದುಷ್ಟನೆಂದು ನಾನು ಕರೆಯಲಾರೆ. ಬೋರ್ಡು ಬದಲಾಯಿಸು ಎಂದು ಅವನಿಗೆ ಕಲಿಸಿದ್ದಾರೆಯೇ ಹೊರತು ಬಿರುಕು ಹುಡುಕು ಎಂದಲ್ಲ. ಅವನು ಎರಡು ಪದ ಬರೆದ. ವಾಕ್ಯ ಮಾಡಿದವನು ನಾನು. ಹಾಗಿದ್ದರೂ ಆ ಎರಡು ಪದಗಳ ಬಗ್ಗೆ ಓದುಗನಾಗಿ ನನ್ನ ಬೇಡಿಕೆ ಇಷ್ಟು: ವಾರಂಟಿ ಇಲ್ಲ ಎನ್ನುವವರು ಪೂರ್ಣ ವಾಕ್ಯದಲ್ಲಿ ಬರೆಯಲಿ. ಯಾರು ನೋಡಿದರು, ಎಲ್ಲಿ ಏನು ಕಂಡರು, ಕಂಡದ್ದರಿಂದ ಈ ಮನೆಗಳು ಹೇಗೆ ಕೆಟ್ಟವು ಎಂದು ಹೇಳಲಿ. ಒಂದು ಫೋಟೋ ಜೊತೆಗಿಡಲಿ. ಮೂರನೆಯ ಪ್ರಶ್ನೆಗೆ ಉತ್ತರ ಬರೆಯಲು ಕೂತಿದ್ದರೆ ಆ ಮೆಕ್ಯಾನಿಕ್ಕಿಗೇ ಎಂಟರ ಲೆಕ್ಕ ಹೊಳೆಯುತ್ತಿತ್ತು.

ಕೀಬೋರ್ಡು ಸರಿಹೋದ ಸಂಜೆಯೇ ಇಬ್ಬರೂ ಹುಡುಗನ ಮನೆಗೆ ಹೋದೆವು. ತಾಯಿ ಆಗಷ್ಟೇ ಕೆಲಸದಿಂದ ಬಂದಿದ್ದಳು. ಬೆರಳುಗಳು ಅಡಿಕೆಯ ಚೊಗರಿಗೆ ಕಪ್ಪಾಗಿದ್ದವು. ನೀರು ಚೆಲ್ಲಿದ್ದು ಅವನಲ್ಲ, ಯಾರೂ ಚೆಲ್ಲಿರಲಿಲ್ಲ, ತಪ್ಪು ನಮ್ಮದು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇವರಪ್ಪ ಆವತ್ತೇ ಬೆಲ್ಟು ತಗೊಂಡು ಹೊಡೆದದ್ದೂ ಆಯ್ತಲ್ಲ ಮೇಷ್ಟ್ರೇ’ ಎಂದಳು. ಬೈಯುವ ದನಿಯಲ್ಲಿ ಹೇಳಲಿಲ್ಲ. ಆದ ಒಂದು ಸಂಗತಿಯನ್ನು ಹೇಳುವ ಹಾಗೆ ಹೇಳಿದಳು. ಹುಡುಗ ಒಳಗಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಹೆಂಡತಿ ಹತ್ತಿರ ಕರೆದು ತಲೆ ಸವರಿದಳು. ‘ಗಾಂಧಾರ ಬರ್ತಿದೆಯಾ ಟೀಚರ್?’ ಎಂದು ಕೇಳಿದ.

ವಿಜಯದಶಮಿಯಿಂದ ಮತ್ತೆ ಬರತೊಡಗಿದ. ಈಗ ಅವನು ದೊಡ್ಡ ತರಗತಿಯಲ್ಲಿದ್ದಾನೆ, ವರ್ಣ ನುಡಿಸುತ್ತಾನೆ, ಉಳಿದ ಮಕ್ಕಳಿಗೆ ಸರಳೆ ವರಸೆ ತಿದ್ದುತ್ತಾನೆ. ಕೀಬೋರ್ಡೂ ಚೆನ್ನಾಗಿದೆ. ವಾರಂಟಿ ಕಾರ್ಡನ್ನು ನನ್ನ ವಿಮರ್ಶೆಯ ಕಾಗದಗಳ ಜೊತೆಗೇ ಇಟ್ಟುಕೊಂಡಿದ್ದೇನೆ. ಬಾಟಲಿಯ ವಿಷಯದಲ್ಲಿ ನಾವು ಅವನಿಗೆ ಏನೂ ಹೇಳಿರಲಿಲ್ಲ. ಒಳಗೆ ತಾರಪ್ಪ, ಏನೂ ಆಗುವುದಿಲ್ಲ ಎಂದು ಎರಡು ಸಲ ಹೇಳಿಯೂ ನೋಡಿದೆವು. ಆದರೆ ಇವತ್ತಿಗೂ ಅವನು ಬಂದ ಕೂಡಲೆ ಬಾಟಲಿಯನ್ನು ಮೆಟ್ಟಿಲ ಕೆಳಗೆ, ಚಪ್ಪಲಿಯ ಪಕ್ಕದಲ್ಲಿ ಇಟ್ಟು, ಕೈಯನ್ನು ಅಂಗಿಗೆ ಒರೆಸಿಕೊಂಡೇ ಒಳಗೆ ಬರುತ್ತಾನೆ.